ದಸರಾ ಮಂಟಪದಲ್ಲಿ ಹೊಗೆ ಬರಿಸಿಕೊಟ್ಟ ಅಣ್ಣನಿಗೆ

ಮಡಿಕೇರಿಯಲ್ಲಿ ದಶಮಂಟಪಗಳ ಮೆರವಣಿಗೆಗೆ ಮುಂಚೆ ನಮ್ಮ ಮಂಟಪದ ಟ್ರ್ಯಾಕ್ಟರ್ ಹತ್ತಿರ ಬಂದು ಕೈ ಹಾಕಿದ ಅಣ್ಣ, ನಿಮಗೆ ತುಂಬಾ ಥ್ಯಾಂಕ್ಸ್. ಹೆಸರು ಕೇಳುವಷ್ಟರಲ್ಲಿ ಜನರ ಮಧ್ಯೆ ಹೊರಟುಹೋಗಿದ್ದಿರಿ.

ಲೈಟುಗಳೆಲ್ಲ ಕಂಟ್ರೋಲ್ ಬೋರ್ಡಿನ ಮಾತು ಕೇಳುತ್ತಿದ್ದವು, ಹೊಗೆ ಬಿಡುವ ಫಾಗ್ ಮಷಿನ್ ಮಾತ್ರ ಇಲ್ಲ. ಬಾಡಿಗೆಗೆ ಕೊಟ್ಟವರು ಅದರ ಕರೆಂಟನ್ನು ಡಿಮ್ಮರ್‌ನಿಂದ, ಅಂದ್ರೆ ಲೈಟಿನ ಕರೆಂಟನ್ನು ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆಯಿಂದ, ಎಳೆದಿದ್ದರು. ನೀವು ಮೊದಲು ತೆಗೆಸಿದ್ದೇ ಅದನ್ನು. ಒಳಗಿನ ಹೀಟರ್‌ಗೆ ಯಾವಾಗಲೂ ಪೂರ್ತಿ ಕರೆಂಟ್ ಬೇಕು, ಡಿಮ್ಮರ್‌ಗೆ ಹಾಕಿದರೆ ಮಷಿನ್ನೇ ಹಾಳಾಗಬಹುದು ಅಂದಿರಿ. ಬೋರ್ಡು ಕೊಡಬೇಕಾದ್ದು ಬರೀ ಸಿಗ್ನಲ್, ಅಲ್ವಾ?

ಆಮೇಲೆ ಕೊನೆಯ ಲೈಟಿನ ಡಿಎಂಎಕ್ಸ್ ಔಟ್‌ನಿಂದ, ಅಂದ್ರೆ ಬೋರ್ಡಿನ ಸಿಗ್ನಲ್ ಮುಂದಕ್ಕೆ ಹೋಗುವ ಕಿಂಡಿಯಿಂದ, ಮಷಿನ್‌ಗೆ ಕೇಬಲ್ ಎಳೆದಿರಿ. ಒಂದು ಲೈನಿನಲ್ಲಿ 512 ಚಾನೆಲ್ ಇದ್ದರೂ ನಮ್ಮ ಮಷಿನ್‌ಗೆ ಬೇಕಿದ್ದು ಒಂದೇ. ಲೈಟುಗಳು ಬಳಸದ 100ನೇ ಚಾನೆಲ್ ಆರಿಸಿದಿರಿ. ಮೊಬೈಲ್ ಟಾರ್ಚಿನ ಬೆಳಕಲ್ಲಿ ಮಷಿನ್ ಹಿಂದೆ ಚಾನೆಲ್ ನಂಬರ್ ಹಾಕುವ ಪುಟ್ಟ ಸ್ವಿಚ್‌ಗಳಲ್ಲಿ 3, 6, 7ನೆಯದನ್ನು ಉಗುರಿನಿಂದ ಮೇಲೆತ್ತಿ, "ಇವುಗಳ ಬೆಲೆ 4, 32, 64, ಕೂಡಿಸಿ ನೋಡಿ" ಅಂತ ನಮ್ಮ ಹುಡುಗರಿಗೆ ತೋರಿಸಿದಿರಿ. ಮಷಿನ್ ಕಾದ ಮೇಲೆ ಬೋರ್ಡಿನ ಫೇಡರ್ (ಜಾರುವ ಗುಂಡಿ) ಎತ್ತಿದರೆ ಹೊಗೆ ಭರ್ ಅಂತ ಬಂತು!

ಸುಮ್ನೆ ಮಾಡಿಕೊಟ್ಟು ಹೋಗದೆ ಕಲಿಸಿ ಹೋದಿರಲ್ಲ, ಅದು ನಮಗೆ ಜಾಸ್ತಿ ದೊಡ್ಡದು. ಮುಂದಿನ ದಸರಾಗೆ ನಮ್ಮ ಮಂಟಪದ ಹತ್ತಿರ ಖಂಡಿತ ಬನ್ನಿ ಅಣ್ಣ, ಊಟ ನಮ್ಮ ಜೊತೆ.