ಮಂಗಳವಾರ ಮೃಗಾಲಯಕ್ಕೆ ಕಳುಹಿಸುವ ಮಾಹಿತಿ ಕೌಂಟರ್: ಒಂದು ದೂರು

ಗೆ,
ವ್ಯವಸ್ಥಾಪಕರು,
ಪ್ರವಾಸಿ ಮಾಹಿತಿ ಕೌಂಟರ್ ನಡೆಸುವ ಗುತ್ತಿಗೆ ಸಂಸ್ಥೆ,
ಮೈಸೂರು.

ವಿಷಯ: ಕೌಂಟರಿನಲ್ಲಿ ಕೊಡುವ ತಪ್ಪು ವೇಳೆ, ತಪ್ಪು ಬಸ್ ನಿಲ್ದಾಣ ಮತ್ತು ಟ್ಯಾಕ್ಸಿ ಒತ್ತಾಯದ ಬಗ್ಗೆ.

ಮಾನ್ಯರೇ,

ನಿಮ್ಮ ಕೌಂಟರಿನ ಚೀಟಿ ಹಿಡಿದು ಬರುವವರನ್ನು ದಿನವೂ ಅರಮನೆಯ ಬಾಗಿಲಲ್ಲಿ ನೋಡುವ ಗೈಡ್‌ಗಳು ನಾವು. ಚೀಟಿಯಲ್ಲಿ ಜಾಗಗಳ ಹೆಸರೇನೋ ಸರಿಯಾಗಿದೆ. ಆದರೆ ಹೆಸರು ಗೊತ್ತಿದ್ದೇ ಜನ ಮೈಸೂರಿಗೆ ಬಂದಿರುತ್ತಾರೆ. ಅವರು ಕೇಳುವುದು ಮೂರೇ ಮಾತು: ಇವತ್ತು ತೆಗೆದಿದೆಯಾ, ಯಾವ ಬಸ್ಸು, ಹೋಗಿ ಬರಲು ಎಷ್ಟು ಹೊತ್ತು. ಈ ಮೂರಕ್ಕೂ ಕೌಂಟರಿನಲ್ಲಿ ನೆಟ್ಟಗೆ ಉತ್ತರ ಸಿಗುತ್ತಿಲ್ಲ.

'ಒಂದು ದಿನದ ಮೈಸೂರು' ಎಂಬ ಚೀಟಿ ವಾರದ ಏಳೂ ದಿನಕ್ಕೆ ಒಂದೇ. ಅರಮನೆ ಆದ ಮೇಲೆ ಮೃಗಾಲಯ, ಅಲ್ಲಿಂದ ಕಾರಂಜಿ ಕೆರೆ ಎಂದು ಬರೆದಿದೆ. ಮಂಗಳವಾರ ಮೃಗಾಲಯಕ್ಕೆ ರಜೆ. ಕಾರಂಜಿ ಕೆರೆಯನ್ನೂ ಮೃಗಾಲಯದವರೇ ನೋಡಿಕೊಳ್ಳುವುದರಿಂದ ಅದಕ್ಕೂ ಅಂದೇ ರಜೆ. ಎರಡೂ ಗೇಟಿನಿಂದ ವಾಪಸಾದ ಕುಟುಂಬದ ಅರ್ಧ ದಿನ ಅಲ್ಲಿಗೆ ಮುಗಿಯಿತು. ಹಾಗೆಂದು 'ಮಂಗಳವಾರ ರಜೆ' ಎಂದು ಅಚ್ಚು ಹಾಕಿಸಿ ಕೈತೊಳೆದುಕೊಳ್ಳಲೂ ಆಗದು, ದಸರಾ ಸಮಯದಲ್ಲಿ ಮಂಗಳವಾರವೂ ಮೃಗಾಲಯ ತೆಗೆಯುವುದುಂಟು. ಬೆಳಿಗ್ಗೆ ಒಂದು ಫೋನ್ ಮಾಡಿ ಕೇಳಿಕೊಳ್ಳುವುದೇ ದಾರಿ.

ಅರಮನೆಯ ದೀಪದ್ದೂ ಇದೇ ಗೋಳು. 'ಪ್ರತಿದಿನ ಸಂಜೆ 7ಕ್ಕೆ ದೀಪಾಲಂಕಾರ' ಎಂದು ಕೌಂಟರಿನವರು ಹೇಳುತ್ತಾರೆ. ಪೂರ್ತಿ ದೀಪ ಹತ್ತುವುದು ಭಾನುವಾರ ಮತ್ತು ಸರ್ಕಾರಿ ರಜೆಗಳಂದು, ಅದೂ ಒಂದು ಗಂಟೆಯೊಳಗೆ ಮುಗಿಯುತ್ತದೆ. ಇನ್ನು ಭಾನುವಾರದ ಸಂಜೆಗೆ ಬೃಂದಾವನದ ಕಾರಂಜಿ, ಅರಮನೆಯ ದೀಪ ಎರಡನ್ನೂ ಚೀಟಿಯಲ್ಲಿ ಒಂದೇ ಸಾಲಿನಲ್ಲಿ ಕೂಡಿಸಿದ್ದೀರಿ. ಸಂಗೀತ ಕಾರಂಜಿ ಶುರುವಾಗುವುದೇ ಕತ್ತಲಾದ ಮೇಲೆ. ಬೃಂದಾವನ ಇರುವ ಕೆಆರ್‌ಎಸ್ ಅಣೆಕಟ್ಟಿನಿಂದ ಅರಮನೆಗೆ ಸುಮಾರು 20 ಕಿ.ಮೀ. ಎರಡನ್ನೂ ಅದೇ ಸಂಜೆ ನೋಡಲು ಹೊರಟವರಿಗೆ ಒಂದು ತಪ್ಪಿಹೋಗುವುದು ಖಂಡಿತ. ಚೀಟಿ ಬರೆದವರು ಆ ರಸ್ತೆಯಲ್ಲಿ ಭಾನುವಾರ ಸಂಜೆ ಓಡಾಡಿದಂತೆ ಕಾಣುವುದಿಲ್ಲ.

ನಕ್ಷೆ ನೋಡಿ. ಮೂಲದಲ್ಲಿ ನಗರ ಬಸ್ ನಿಲ್ದಾಣಕ್ಕೆ ಕೆಂಪು ಚುಕ್ಕೆ, ಸಬರ್ಬನ್ ನಿಲ್ದಾಣಕ್ಕೆ ನೀಲಿ. ಈಗ ಹಂಚುತ್ತಿರುವುದು ಅದರ ಕಪ್ಪು-ಬಿಳುಪು ಜೆರಾಕ್ಸ್. ಎರಡೂ ಕಪ್ಪು ಚುಕ್ಕೆ, ಎರಡರ ಪಕ್ಕದಲ್ಲೂ 'ಬಸ್ ಸ್ಟ್ಯಾಂಡ್' ಎಂದಷ್ಟೇ ಇದೆ. ಚಾಮುಂಡಿ ಬೆಟ್ಟದ 201, ಕೆಆರ್‌ಎಸ್‌ನ 303 ಹೊರಡುವುದು ಕೆ.ಆರ್. ವೃತ್ತದ ಹತ್ತಿರದ ನಗರ ನಿಲ್ದಾಣದಿಂದ. ಬನ್ನೂರು, ತಿ. ನರಸೀಪುರದ ಬಸ್ಸುಗಳು ಬಿ.ಎನ್. ರಸ್ತೆಯ ಸಬರ್ಬನ್‌ನಿಂದ. ಸಬರ್ಬನ್‌ನಲ್ಲಿ ನಿಂತು 201 ಎಲ್ಲಿ ಎಂದು ಹುಡುಕುವವರನ್ನು ಹಿಡಿಯಲು ಹೊರಗೆ ಆಟೊದವರು ಕಾದಿರುತ್ತಾರೆ. 'ಅರಮನೆ ಮಧ್ಯಾಹ್ನದವರೆಗೆ ಬಂದ್, ಅಷ್ಟರೊಳಗೆ ಅಗರಬತ್ತಿ, ಗಂಧದೆಣ್ಣೆ ಅಂಗಡಿ ತೋರಿಸುತ್ತೀನಿ' ಎಂಬುದು ಹಳೆಯ ಮಾತು (ಎಲ್ಲ ಆಟೊದವರೂ ಹಾಗಲ್ಲ ಅನ್ನಿ). ಅರಮನೆ ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ ತೆಗೆದಿರುತ್ತದೆ ಎಂಬ ಒಂದು ಸಾಲು ನಕ್ಷೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿದ್ದರೆ ಈ ಮಾತು ನಡೆಯುತ್ತಿರಲಿಲ್ಲ.

ಸೋಮನಾಥಪುರ 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಅದನ್ನು ಕೇಳಿಕೊಂಡು ಬರುವವರು ಹೆಚ್ಚಿದ್ದಾರೆ. ಕೌಂಟರಿನ ಉತ್ತರ: 'ಬಸ್ಸಿಲ್ಲ, ಟ್ಯಾಕ್ಸಿ ಮಾಡಿ.' ಜೊತೆಗೆ ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆದ ಒಂದು ಫೋನ್ ನಂಬರು. ಬನ್ನೂರಿಗೆ ಹೋಗಿ ಅಲ್ಲಿ ಬಸ್ಸು ಬದಲಿಸಿದರೆ ಸೋಮನಾಥಪುರ ತಲುಪಬಹುದು. ಹೊತ್ತು ಹಿಡಿಯುತ್ತದೆ, ಖರ್ಚು ತೀರ ಕಡಿಮೆ. ಎರಡೂ ದಾರಿ ಹೇಳಿ, ಆರಿಸಿಕೊಳ್ಳುವುದು ಅವರಿಗೆ ಬಿಟ್ಟದ್ದು. ಆ ನಂಬರಿನಿಂದ ಕೌಂಟರಿಗೆ ಕಮಿಷನ್ ಬರುತ್ತದೆಯೇ ಎಂಬುದಕ್ಕೆ ನಮಗೆ ಲಿಖಿತ ಉತ್ತರ ಬೇಕು.

ಮಳೆಗಾಲದಲ್ಲಿ ರಂಗನತಿಟ್ಟಿನದ್ದೂ ಹೀಗೇ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ. ದೋಣಿಗೆಂದೇ ಹೊರಟವರಿಗೆ ಅದನ್ನು ಇಲ್ಲೇ ಹೇಳಬೇಕು.

ನಾವು ಕೇಳುವುದು ದುಬಾರಿಯದೇನಲ್ಲ. ಕೌಂಟರಿನ ಮುಂದೆ ಒಂದು ಕರಿಹಲಗೆ ಇಡಿಸಿ. ಆ ದಿನ ಯಾವುದಕ್ಕೆ ರಜೆ, ಅರಮನೆಗೆ ದೀಪ ಇದೆಯೋ ಇಲ್ಲವೋ, ದೋಣಿ ಇದೆಯೋ ಇಲ್ಲವೋ, ಇಷ್ಟನ್ನು ಸೀಮೆಸುಣ್ಣದಲ್ಲಿ ಬರೆಸಿ, ಮೇಲೆ ತಾರೀಖು ಹಾಕಿಸಿ. ತಾರೀಖು ಇಲ್ಲದಿದ್ದರೆ ನಿನ್ನೆಯ ಬರಹವೇ ಇವತ್ತಿಗೂ ನಿಲ್ಲುತ್ತದೆ. ಬಾಗಿಲು 10ಕ್ಕೆ ತೆಗೆಯುವ ಬದಲು 7ಕ್ಕೆ ತೆಗೆಯಿರಿ. ರಾತ್ರಿ ರೈಲಿನಲ್ಲಿ ಬಂದವರು 10ಕ್ಕೆಲ್ಲ ಯಾರದೋ ಗಾಡಿ ಹತ್ತಿಯಾಗಿರುತ್ತದೆ. ಬಣ್ಣದ ನಕ್ಷೆ ಆಗುವುದಿಲ್ಲವೆಂದರೆ ಒಂದು ನಿಲ್ದಾಣಕ್ಕೆ ಚುಕ್ಕೆ, ಇನ್ನೊಂದಕ್ಕೆ ಚೌಕ ಹಾಕಿಸಿ, ಪಕ್ಕದಲ್ಲಿ ಬಸ್ ನಂಬರು ಬರೆಸಿ. ಜೆರಾಕ್ಸಿನಲ್ಲೂ ಅದು ಉಳಿಯುತ್ತದೆ.

ಹಳೆಯ ಚೀಟಿ ಹಂಚುವುದನ್ನು ಮೊದಲು ನಿಲ್ಲಿಸಿ. ಉಳಿದದ್ದರ ಬಗ್ಗೆ 15 ದಿನದೊಳಗೆ ಉತ್ತರ ಕೊಡಿ. ಚೀಟಿಯ ಎರಡು ಪ್ರತಿ, ನಕ್ಷೆಯ ಒಂದು ಪ್ರತಿ ಲಗತ್ತಿಸಿದ್ದೇವೆ; ತಪ್ಪಿರುವ ಕಡೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇವೆ.

ಇತಿ,
ಅರಮನೆ ಸುತ್ತಿನ ಪ್ರವಾಸಿ ಗೈಡ್‌ಗಳು