ಅಪ್ಪಾ, ನಿಮ್ಮ ಆಂಪ್ಲಿಫೈಯರ್ ಗುಜರಿಗೆ ಹಾಕಬೇಡಿ

ಅಪ್ಪಾ, ಅಮ್ಮಾ,

ನಾನು ಚೆನ್ನಾಗಿದ್ದೇನೆ. ನೀವೆಲ್ಲ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ನನ್ನ ಟಿವಿ ಕೆಳಗೆ ಬೆಳ್ಳಿ ಬಣ್ಣದ ಆಂಪ್ಲಿಫೈಯರ್ ನೋಡಿ ಅದೇನು ಅಂತ ಕೇಳಿದ್ದಿರಲ್ವಾ ಅಪ್ಪಾ, ಫೋನಿನಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತದೆ ಅಂತ ಬರೆಯುತ್ತಿದ್ದೇನೆ. ಅದು ಹೊರಗಿನಿಂದ ಮಾತ್ರ ಹಳೇ ಆಂಪ್ಲಿಫೈಯರ್. ಒಳಗಿರುವುದು ಕಂಪ್ಯೂಟರ್. ಸಿನಿಮಾ, ಹಾಡು, ಮನೆಯ ಫೋಟೊ ಎಲ್ಲ ಅದರಿಂದಲೇ ಟಿವಿಗೆ ಬರುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಕೆಲಸ ಮಾಡುವ ಆಂಪ್ಲಿಫೈಯರ್ ಆಗಿದ್ದರೆ ನಾನು ಒಂದು ಸ್ಕ್ರೂ ಕೂಡ ಬಿಚ್ಚುತ್ತಿರಲಿಲ್ಲ. ರಿಪೇರಿ ಆಗುವ ವಸ್ತುವನ್ನು ಬರೀ ಡಬ್ಬ ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಇದರ ಔಟ್‌ಪುಟ್ ಐಸಿ, ಅಂದರೆ ಸ್ಪೀಕರಿಗೆ ಶಕ್ತಿ ಕೊಡುವ ಚಿಪ್, ಸುಟ್ಟುಹೋಗಿತ್ತು, ಅಂಥ ಐಸಿ ತಯಾರಾಗುವುದೇ ನಿಂತಿದೆ, ಹುಡುಕಿದರೆ ಸಿಗುವುದರಲ್ಲಿ ನಕಲಿಯೇ ಜಾಸ್ತಿ.

ಡಬ್ಬ ಮಾತ್ರ ಬಂಗಾರ. ದಪ್ಪ ಅಲ್ಯೂಮಿನಿಯಂ ಮುಖ, ಕೆಳಗೂ ಮೇಲೂ ಗಾಳಿಯ ಸೀಳುಗಳು, ಅಗಲ ಸುಮಾರು 430 ಮಿಲಿಮೀಟರ್. ಮಿನಿ ಐಟಿಎಕ್ಸ್ ಅನ್ನುವ ಮದರ್‌ಬೋರ್ಡ್ ಬರೀ 170 ಮಿಲಿಮೀಟರ್ ಚೌಕ, ಆರಾಮಾಗಿ ಕೂರುತ್ತದೆ. ಇಂಟೆಲ್ ಎನ್100 ಚಿಪ್ ಇರುವ ಬೋರ್ಡ್ ಹಾಕಿದ್ದೇನೆ. ಅದರ ವಿದ್ಯುತ್ ಲೆಕ್ಕ 6 ವ್ಯಾಟ್ ಅಷ್ಟೇ, 4ಕೆ ಅನ್ನುವ ತುಂಬ ಸ್ಪಷ್ಟವಾದ ವೀಡಿಯೊ ಬಿಡಿಸಲು ಚಿಪ್ಪಿನೊಳಗೇ ಬೇರೆ ಭಾಗವಿರುವುದರಿಂದ ಬಿಸಿ ಹೆಚ್ಚು ಏರುವುದಿಲ್ಲ. ತಳದ ಸೀಳಿನ ಮೇಲೆ 120 ಮಿಲಿಮೀಟರಿನ ಒಂದು ಫ್ಯಾನು ನಿಧಾನವಾಗಿ ತಿರುಗುತ್ತದೆ. ಸಣ್ಣ ಫ್ಯಾನು ಜೋರಾಗಿ ತಿರುಗಿದರೆ ಕಿರ್ ಅನ್ನುತ್ತದೆ, ದೊಡ್ಡದಕ್ಕೆ ಆ ಕಷ್ಟವಿಲ್ಲ. ಸಿನಿಮಾದಲ್ಲಿ ಮೌನ ಬಂದಾಗ ಮೌನವೇ ಕೇಳಬೇಕು, ಅಲ್ವಾ?

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಮುಂದಿನ ಮುಖ. ಅದರ ಮೇಲಿರುವ ನಾಬು, ಗುಂಡಿ ಎಲ್ಲವೂ ಕೆಲಸ ಮಾಡಬೇಕು. ಸುಮ್ನೆ ಶೋಕಿಗೆ ಇಟ್ಟರೆ ಅದು ಆ ಆಂಪ್ಲಿಫೈಯರ್‌ಗೆ ಮಾಡಿದ ಅವಮಾನ. ಆನ್ ಗುಂಡಿಯಿಂದಲೇ ಶುರು ಮಾಡಿದೆ. ಹಳೇ ಗುಂಡಿ ಒತ್ತಿದರೆ ಒಳಗೇ ಕಚ್ಚಿಕೊಳ್ಳುವಂಥದ್ದು. ಕಂಪ್ಯೂಟರಿಗೆ ಒತ್ತಿ ಬಿಡುವ ಗುಂಡಿ ಬೇಕು. ಕಚ್ಚಿಕೊಂಡೇ ಇದ್ದರೆ ಆನ್ ಆಗಿ ನಾಲ್ಕು ಸೆಕೆಂಡಿಗೆ ತಾನೇ ಆಫ್ ಆಗುತ್ತದೆ. ಒಳಗಿನ ಕೊಕ್ಕೆಯಂಥ ಸಣ್ಣ ಕಂಬಿ ತೆಗೆದೆ, ಈಗ ಅದೇ ಗುಂಡಿ, ಅದೇ ಟಕ್ ಶಬ್ದ, ಒತ್ತಿ ಬಿಟ್ಟರೆ ಸಾಕು. ವಾಲ್ಯೂಮ್ ನಾಬಿನ ಹಿಂದೆ ಎಷ್ಟು ಸುತ್ತಿದರೂ ತಿರುಗುವ, ತಿರುಗಿದ್ದನ್ನು ಎಣಿಸಿ ಹೇಳುವ ಎನ್‌ಕೋಡರ್ ಕೂರಿಸಿ, ಆರ್ಡುಯಿನೊ ಅನ್ನುವ, ನಾವೇ ಪ್ರೋಗ್ರಾಂ ಬರೆಯಬಹುದಾದ ಪುಟ್ಟ ಬೋರ್ಡಿಗೆ ಜೋಡಿಸಿದೆ. ಆ ಬೋರ್ಡು ಕಂಪ್ಯೂಟರಿಗೆ ಕೀಬೋರ್ಡಿನ ವೇಷದಲ್ಲಿ ಕಾಣುತ್ತದೆ, ನಾಬು ತಿರುಗಿಸಿದರೆ ವಾಲ್ಯೂಮ್ ಕೀ ಒತ್ತಿದ ಹಾಗೆ. ಇನ್ನು ಸೆಲೆಕ್ಟರ್ ಸ್ವಿಚ್ಚು, ಅಪ್ಪಾ, ಇದು ನಿಮಗೆ ಖಂಡಿತ ಇಷ್ಟವಾಗುತ್ತದೆ! ಅದೂ ಕೀ ಒತ್ತಿದ ಹಾಗೆಯೇ: ಫೋನೊಗೆ ತಿರುಗಿಸಿದರೆ ಹಾಡುಗಳು, ಟ್ಯೂನರ್‌ಗೆ ಇಂಟರ್‌ನೆಟ್ ರೇಡಿಯೊ, ಆಕ್ಸ್‌ಗೆ ಸಿನಿಮಾ, ಟೇಪ್‌ಗೆ ಫೋಟೊಗಳು. ಇದನ್ನೆಲ್ಲ ಟಿವಿಯಲ್ಲಿ ತೋರಿಸುವ ಕೋಡಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಯಾವ ಕೀಗೆ ಯಾವ ಪರದೆ ಅಂತ ನಾವೇ ಬರೆದುಕೊಳ್ಳಬಹುದು. ಅಮ್ಮನೂ ರಿಮೋಟ್ ಹುಡುಕದೆ ಹಾಡು ಹಾಕಬಹುದು.

ವೈಫೈಗೆ ಮಾತ್ರ ಲೋಹದ ಡಬ್ಬ ಅಡ್ಡ ಬರುತ್ತದೆ, ಅದಕ್ಕೆ ಆಂಟೆನಾ ಹಿಂದುಗಡೆ ಹೊರಗೆ ತಂದಿದ್ದೇನೆ.

ಈಗ ನಿಜವಾದ ವಿಷಯ. ನಮ್ಮ ಮನೆಯಲ್ಲಿ ಕೆಟ್ಟು ಕೂತಿರುವ ನಿಮ್ಮ ಆಂಪ್ಲಿಫೈಯರನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ನಾನು ಬಂದಾಗ ಮೊದಲು ರಿಪೇರಿಯವರಿಗೆ ತೋರಿಸೋಣ. ಆಗುವುದೇ ಇಲ್ಲ ಅಂದರೆ, ನೀವು ಒಪ್ಪಿದರೆ ಮಾತ್ರ, ಅದಕ್ಕೂ ಹೀಗೇ ಮಾಡುತ್ತೇನೆ. ನಿಮ್ಮ ಸ್ಪೀಕರ್‌ಗಳನ್ನೂ ಹಾಡಿಸಬಹುದು. ಕ್ಲಾಸ್ ಡಿ ಅನ್ನುವ, ಕಡಿಮೆ ಬಿಸಿಯಾಗುವ ಬಗೆಯ ಅಂಗೈಯಗಲದ ಆಂಪ್ಲಿಫೈಯರ್ ಬೋರ್ಡು ಒಳಗೆ ಹಾಕಿ, ಹಿಂದಿರುವ ಹಳೇ ಸ್ಪೀಕರ್ ಟರ್ಮಿನಲ್‌ಗಳಿಗೇ ಜೋಡಿಸಿದರೆ ಆಯಿತು. ಒಂದೇ ಎಚ್ಚರ ಬೇಕು. ಹಳೇ ಸೆಟ್‌ಗಳಲ್ಲಿ ಎರಡೂ ಸ್ಪೀಕರಿನ ಮೈನಸ್ ಒಳಗೆ ಕೂಡಿರುವುದು ಸಾಮಾನ್ಯ. ಇಂಥ ಎಷ್ಟೋ ಬೋರ್ಡುಗಳಲ್ಲಿ ಮೈನಸ್‌ನಲ್ಲೂ ಸಿಗ್ನಲ್ ಇರುತ್ತದೆ, ಕೂಡಿದರೆ ಬೋರ್ಡು ಸುಟ್ಟೀತು, ಹಾಗಾಗಿ ಬೇರೆ ಬೇರೆ ಮಾಡಲೇಬೇಕು. ಅದಕ್ಕೆ ಕರೆಂಟೂ ಬೇರೆ ಅಡಾಪ್ಟರಿನಿಂದ ಕೊಡುವುದು ಒಳ್ಳೆಯದು, ಇಲ್ಲದಿದ್ದರೆ ಕಂಪ್ಯೂಟರಿನ ಗುಂಯ್‌ಗುಡುವಿಕೆ ಹಾಡಿನೊಳಗೆ ಸೇರಿಕೊಳ್ಳಬಹುದು.

ತಮ್ಮನಿಗೆ ಆತುರ ಜಾಸ್ತಿ, ಅವನಿಗೆ ಇದನ್ನು ಓದಿ ಹೇಳಿ: ನಾನು ಬರುವವರೆಗೂ ಮುಚ್ಚಳ ಬಿಚ್ಚಬೇಡ. ಒಳಗೆ ಕರೆಂಟ್ ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರಬಹುದು. ಅವುಗಳ ಎರಡು ತುದಿಗೆ ರೆಸಿಸ್ಟರ್ ತಾಗಿಸಿ ಆ ಚಾರ್ಜ್ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಹಾಕಬೇಕು. ಇನ್ನೊಂದು, ಆ ಕಾಲದ ಎಷ್ಟೋ ಸೆಟ್‌ಗಳಿಗೆ ಎರಡೇ ಪಿನ್ನು, ಅರ್ತ್ ಇರುವುದಿಲ್ಲ. ಅಂಥ ಲೋಹದ ಡಬ್ಬದೊಳಗೆ ಮಾಮೂಲಿ ಕಂಪ್ಯೂಟರ್ ಪವರ್ ಸಪ್ಲೈ ಇಟ್ಟು ಅರ್ತ್ ಕೊಡದಿದ್ದರೆ ಜೀವಕ್ಕೇ ಅಪಾಯ. ನಾನು ಮೇನ್ಸ್ ಕರೆಂಟನ್ನು ಒಳಗೆ ತಂದೇ ಇಲ್ಲ, ಲ್ಯಾಪ್‌ಟಾಪಿನಂಥ ಅಡಾಪ್ಟರ್ ಹೊರಗಿದೆ, ಒಳಗೆ ಬರುವುದು 12 ವೋಲ್ಟ್ ಡಿಸಿ ಮಾತ್ರ.

ಅವನು ಸದ್ಯಕ್ಕೆ ಮಾಡಬಹುದಾದ ಕೆಲಸವೂ ಇದೆ. ಹೊರಗಿನಿಂದ ಉದ್ದ, ಅಗಲ, ಎತ್ತರ ಅಳೆದು, ಮುಂದಿನದೂ ಹಿಂದಿನದೂ ಫೋಟೊ ತೆಗೆದು ಕಳಿಸಲಿ. ಸ್ಪೀಕರ್‌ಗಳ ಹಿಂದೆ 4 ಓಮ್ ಅಂತಿದೆಯಾ 8 ಓಮ್ ಅಂತಿದೆಯಾ ಅನ್ನುವುದನ್ನೂ ನೋಡಿ ಹೇಳಲಿ, ಬೋರ್ಡು ಆರಿಸಲು ಅದು ಬೇಕು.

ಅಪ್ಪಾ, ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ. ಬೇಡ ಅಂದರೂ ಬೇಜಾರಿಲ್ಲ.

ನಿಮ್ಮ ಮಗ