ಪದವೀಧರರಿಗೆ ಇರುವ ಪ್ರಾಶಸ್ತ್ಯ ಮತ ಎಲ್ಲರಿಗೂ ಸಿಗಲಿ

ಮಾನ್ಯ ಸಂಪಾದಕರೇ,

ವಿಧಾನ ಪರಿಷತ್ತಿನ ಬೆಂಗಳೂರು ಪದವೀಧರ ಕ್ಷೇತ್ರದ ಮತದಾರನಾದ ನನಗೆ ಮತಗಟ್ಟೆಯಲ್ಲಿ ನೇರಳೆ ಬಣ್ಣದ ಪೆನ್ನು ಕೊಟ್ಟು, ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಆಯ್ಕೆಯ ಕ್ರಮವನ್ನು ಬರೆಯಲು ಹೇಳುತ್ತಾರೆ. ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ, ಅತಿ ಕಡಿಮೆ ಮತ ಪಡೆದವರನ್ನು ಕೈಬಿಟ್ಟು, ಅವರಿಗೆ ಬಿದ್ದಿದ್ದ ಮತಗಳನ್ನು ಆಯಾ ಮತದಾರರ ಮುಂದಿನ ಪ್ರಾಶಸ್ತ್ಯದಂತೆ ಉಳಿದವರಿಗೆ ಸೇರಿಸುತ್ತಾ ಹೋಗುತ್ತಾರೆ. ವಿಧಾನಸಭೆ, ಲೋಕಸಭೆ, ಪಾಲಿಕೆ ಚುನಾವಣೆಗಳಲ್ಲಿ ಮಾತ್ರ ಒಬ್ಬರನ್ನಷ್ಟೇ ಆರಿಸಿ ಸುಮ್ಮನಾಗಬೇಕು. ಪದವಿ ಓದದ ನನ್ನ ತಾಯಿಗೆ ತಮ್ಮ ಎರಡನೇ ಆಯ್ಕೆ ಯಾರೆಂದು ಹೇಳುವ ಅವಕಾಶ ಒಮ್ಮೆಯೂ ಸಿಕ್ಕಿಲ್ಲ.

ಉಳಿದವರಿಗಿಂತ ಒಂದು ಮತ ಹೆಚ್ಚು ಪಡೆದವರೇ ಗೆದ್ದಂತೆ ಎಂಬ ಈ ಪದ್ಧತಿಯ ಫಲವನ್ನು ನಮ್ಮ ರಾಜ್ಯ ಕಂಡಿದೆ. 2018ರ ವಿಧಾನಸಭೆ ಚುನಾವಣೆಯಲ್ಲಿ ಶೇ 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗೆ 80 ಸ್ಥಾನ, ಶೇ 36ರಷ್ಟು ಪಡೆದ ಬಿಜೆಪಿಗೆ 104 ಸ್ಥಾನ. 2008ರಲ್ಲೂ ಹೆಚ್ಚು ಮತ ಪಡೆದ ಪಕ್ಷವೇ ಸ್ಥಾನಗಳಲ್ಲಿ ಹಿಂದುಳಿದಿತ್ತು. ಲಾಭ ಯಾರಿಗಾಯಿತು ಎಂಬುದು ನನ್ನ ತಕರಾರಲ್ಲ. 2013ರಲ್ಲಿ ಅದೇ ಕಾಂಗ್ರೆಸ್ ಶೇ 37ಕ್ಕೂ ಕಡಿಮೆ ಮತಗಳಿಂದ 122 ಸ್ಥಾನ ಗೆದ್ದು ಸ್ಪಷ್ಟ ಬಹುಮತ ಪಡೆಯಿತು.

ಮತಕ್ಕೂ ಸ್ಥಾನಕ್ಕೂ ಇರುವ ಈ ಅಂತರ ಪ್ರಾಶಸ್ತ್ಯ ಮತವೊಂದರಿಂದಲೇ ಹೋಗುವುದಿಲ್ಲ. ಅದಕ್ಕೆ ಪ್ರಮಾಣಾನುಗುಣ ಪ್ರಾತಿನಿಧ್ಯ, ಅಂದರೆ ಪಕ್ಷ ಪಡೆದ ಮತಕ್ಕೆ ತಕ್ಕಷ್ಟು ಸ್ಥಾನ ಸಿಗುವ ಪದ್ಧತಿ ಬೇಕು. ಲೋಕಸಭೆಯ ಸ್ಥಾನಗಳನ್ನು ಕಾಲು ಭಾಗದಷ್ಟು ಹೆಚ್ಚಿಸಿ, ಹಾಗೆ ಹೆಚ್ಚಿಸಿದ ಸ್ಥಾನಗಳನ್ನು ಪಕ್ಷಗಳ ಮತಪ್ರಮಾಣಕ್ಕೆ ತಕ್ಕಂತೆ ಆಯಾ ಪಕ್ಷದ ಅಭ್ಯರ್ಥಿಗಳ ಪಟ್ಟಿಯಿಂದ ತುಂಬಬೇಕೆಂದು ಕಾನೂನು ಆಯೋಗ 1999ರಲ್ಲೇ ಶಿಫಾರಸು ಮಾಡಿತ್ತು. ಆದರೆ ಅದಕ್ಕೆ ಸಂಸತ್ತು ಮನಸ್ಸು ಮಾಡಬೇಕು.

ಪಾಲಿಕೆಗಳ ಮಾತು ಹಾಗಲ್ಲ. ಅವುಗಳ ಚುನಾವಣೆಗೆ ಕಾನೂನು ರೂಪಿಸುವ ಅಧಿಕಾರವನ್ನು ಸಂವಿಧಾನವೇ ರಾಜ್ಯದ ಶಾಸಕಾಂಗಕ್ಕೆ ಕೊಟ್ಟಿದೆ. ವಾರ್ಡ್‌ ಮಟ್ಟದಲ್ಲೇ ಪ್ರಾಶಸ್ತ್ಯ ಮತದ ಅಗತ್ಯವೂ ಹೆಚ್ಚು. ಕೆರೆ, ಕಸ, ಪಾದಚಾರಿ ಮಾರ್ಗಗಳಿಗಾಗಿ ವರ್ಷಗಟ್ಟಲೆ ಓಡಾಡಿದ ನಿವಾಸಿಯೊಬ್ಬರು ಪಕ್ಷೇತರರಾಗಿ ನಿಂತರೆ, "ಒಳ್ಳೆಯವರೇ, ಆದರೆ ಗೆಲ್ಲುವುದಿಲ್ಲ, ಮತ ಯಾಕೆ ಹಾಳು ಮಾಡಬೇಕು?" ಎನ್ನುವ ಮಾತು ನಮ್ಮ ಬೀದಿಯಲ್ಲಿ ಪ್ರತಿ ಚುನಾವಣೆಯಲ್ಲೂ ಕೇಳಿಬರುತ್ತದೆ. ಅವರ ಮುಂದೆ 1 ಎಂದೂ ತಾವು ಒಪ್ಪುವ ಪಕ್ಷದವರ ಮುಂದೆ 2 ಎಂದೂ ಬರೆಯುವಂತಿದ್ದರೆ, ಮತ ಒಡೆದು ತಮಗೆ ಬೇಡದವರು ಗೆದ್ದುಬಿಡುತ್ತಾರೆಂಬ ಅಂಜಿಕೆ ಜನರಿಗೆ ಇರುವುದಿಲ್ಲ.

ಓದು ಬಾರದವರಿಗೆ ಇದು ಕಷ್ಟವೆಂಬ ಆಕ್ಷೇಪಣೆಯನ್ನು ನಾನು ಒಪ್ಪಲಾರೆ. ಬಹುಪಾಲು ಜನರಿಗೆ ಅಕ್ಷರವೇ ತಿಳಿಯದಿದ್ದ 1951-52ರ ಮೊದಲ ಮಹಾಚುನಾವಣೆಯಲ್ಲಿ ಅಭ್ಯರ್ಥಿಗೊಂದರಂತೆ ಚಿಹ್ನೆ ಅಂಟಿಸಿದ ಮತಪೆಟ್ಟಿಗೆ ಇಟ್ಟು ಮತದಾನ ನಡೆಸಿದ ದೇಶ ನಮ್ಮದು. ಅಲ್ಲದೆ, ಒಬ್ಬರ ಮುಂದೆ ಮಾತ್ರ 1 ಎಂದು ಬರೆದರೂ ಆ ಮತ ಸಿಂಧುವೇ.

ಬೆಂಗಳೂರಿನ ಐದೂ ಪಾಲಿಕೆಗಳ ವಾರ್ಡ್‌ ಚುನಾವಣೆಗೆ ಪ್ರಾಶಸ್ತ್ಯ ಮತ ಪದ್ಧತಿಯನ್ನು ತರಲು ಸರ್ಕಾರ ಕಾಯ್ದೆಗೆ ತಿದ್ದುಪಡಿ ಮಂಡಿಸಬೇಕು; ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಿಂದ ಇದೇ ಪದ್ಧತಿಯಲ್ಲಿ ಆರಿಸಿಬಂದಿರುವ ಪರಿಷತ್ತಿನ 14 ಸದಸ್ಯರು ಅದಕ್ಕಾಗಿ ಸದನದಲ್ಲಿ ದನಿ ಎತ್ತಬೇಕೆಂದು ಕೋರುತ್ತೇನೆ.

ಇತಿ,
ಓದುಗ, ಬನಶಂಕರಿ, ಬೆಂಗಳೂರು